ಸೊನ್ನೆಯಮ್ಮನ ಕೊಡೆ

ನಮ್ಮ ಕುಡಿಯುವ ನೀರಿನಲ್ಲಿ ಅವರು ಕುರ್ಚಿ ತೊಳೆದರು. ಆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಅದರ ಬಾಲ ಹಿಡಿದು ಬಂದದ್ದು.

ಕುರ್ಚಿಯೇನು ಬೆಳ್ಳಿಯದಲ್ಲ. ನೀಲಿ ಪ್ಲಾಸ್ಟಿಕ್ಕಿನದು. ಒಂದು ಕೈ ಸೀಳಿತ್ತು. ಕೂತರೆ ಕಿರ್ರೆನ್ನುತ್ತಿತ್ತು. ಅದರ ಮೇಲೆ ನನ್ನ ಅತ್ತೆ ಕೂತರು. ಕೂತು ಕಣ್ಣು ಮುಚ್ಚಿದರು. ಅದು ಅಪರಾಧವಾಯಿತು.

ನಾನು ಮಣ್ಣು ಹೊರುವವಳು. ಅತ್ತೆ ನಾನು ಹುಟ್ಟುವ ಮೊದಲಿಂದ ಮಣ್ಣು ಹೊತ್ತವರು. ನನ್ನ ಗಂಡ ಲಾರಿಯ ಮೇಲೆ ಊರೂರು ಸುತ್ತುತ್ತಾನೆ, ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಹಾವು ಮುಂಗುಸಿಯ ಹಾಗೆ. ನನ್ನ ಅಡುಗೆಗೆ ಹೆಸರಿಡದೆ ಅವರು ಒಂದು ದಿನವೂ ಎದ್ದವರಲ್ಲ. ಉಪ್ಪು ಹಾಕಿದರೆ ಜಾಸ್ತಿ, ಕಡಿಮೆ ಮಾಡಿದರೆ ಸಪ್ಪೆ, ಸರಿಯಾಗಿದ್ದರೆ "ಇವತ್ತೇನೋ ಕೈ ತಪ್ಪಿ ಸರಿಯಾಗಿದೆ" ಅನ್ನುತ್ತಾರೆ. ಆದರೆ ಕೆಲಸದ ಜಾಗದಲ್ಲಿ ಬಾಂಡ್ಲಿ ಎತ್ತಿ ನನ್ನ ತಲೆಗೆ ಇಡುವವರು ಅವರೇ. ಅವರ ತಲೆಗೆ ಇಡುವವಳು ನಾನೇ. ಬೇರೆಯವರು ಇಟ್ಟರೆ ನಮ್ಮಿಬ್ಬರ ಕತ್ತಿಗೂ ಒಗ್ಗುವುದಿಲ್ಲ.

ಊರಾಚೆಯ ದಿಬ್ಬದಲ್ಲಿ ಮೂರು ಸಾವಿರ ವರ್ಷದ ಹಿಂದಿನ ಗೋರಿಗಳು ಸಿಕ್ಕಿದ್ದವು. ಅಗೆಯಲು ಜನ ಬೇಕಿತ್ತು. ಮೇಸ್ತ್ರಿ ಬಂದು, ಕಟ್ಟಡದ ಕೆಲಸಕ್ಕಿಂತ ಹಗುರ ಎಂದು ಕರೆದ. ಹಸಿ ಸುಳ್ಳು. ಕಟ್ಟಡದಲ್ಲಿ ಮಣ್ಣು ಬರೀ ಮಣ್ಣು. ಇಲ್ಲಿ ಮಣ್ಣಿಗೂ ಮರ್ಯಾದೆ. ಕುಳಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕರಣೆಯಲ್ಲಿ ಕೆರೆದು, ಕುಂಚದಲ್ಲಿ ಗುಡಿಸಿ, ಬಾಂಡ್ಲಿಗೆ ತುಂಬಿ, ದಿಬ್ಬ ಇಳಿದು, ಜರಡಿಗೆ ಸುರಿದು, ಮತ್ತೆ ಹತ್ತಬೇಕು. ಸಂಜೆಗೆ ಮಡಚಿದ ಮಂಡಿ ಬಿಚ್ಚುವುದಿಲ್ಲ, ಬಿಚ್ಚಿದ ಮಂಡಿ ಮಡಚುವುದಿಲ್ಲ. ಸೀನು ಬಂದರೂ ಮುಖ ಆ ಕಡೆ ಮಾಡಿ ಸೀನಬೇಕು.

ಇದೆಲ್ಲ ಯಾಕೆ ಎಂದು ಮೊದಲ ದಿನವೇ ಪ್ರೊಫೆಸರ್ರು ನಮ್ಮನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಹೇಳಿದರು. ತಾವು ನೆರಳಲ್ಲಿ ನಿಂತಿದ್ದರು.

"ಈ ಜನ ಏನೂ ಬರೆದಿಟ್ಟು ಹೋಗಿಲ್ಲ. ಆದ್ರೆ ಇವರಲ್ಲಿ ಯಾರು ದೊಡ್ಡವರು, ಯಾರು ಬಡವರು ಅಂತ ಗೋರಿ ಹೇಳುತ್ತೆ. ಸತ್ತವರ ಪಕ್ಕ ಏನಿಟ್ಟಿದ್ದಾರೆ ನೋಡ್ಬೇಕು. ಪಕ್ಕದಲ್ಲಿದ್ದದ್ದು ಅವರದ್ದು. ಮಡಕೆಗೆ ಇಷ್ಟು ಅಂಕ, ಮಣಿಗೆ ಇಷ್ಟು, ತಾಮ್ರಕ್ಕೆ ಇನ್ನೂ ಜಾಸ್ತಿ. ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರೆ ಒಂದು ಸಂಖ್ಯೆ ಬರುತ್ತೆ. ಎಲ್ಲರೂ ಸಮ ಇದ್ರೆ ಸೊನ್ನೆ. ಎಲ್ಲಾ ಒಬ್ಬನ ಹತ್ರವೇ ಇದ್ರೆ ಒಂದು."

"ಎಲ್ಲರೂ ಸಮ ಆದ್ರೆ ಸೊನ್ನೆನಾ?" ಅತ್ತೆ ಕೇಳಿದರು. "ಮತ್ತೆ ಸಮ ಆಗಿ ಏನು ಬಂತು ಭಾಗ್ಯ?"

ಪ್ರೊಫೆಸರ್ರು ಕೇಳಿಸದವರ ಹಾಗೆ ಕನ್ನಡಕ ಒರೆಸಿಕೊಂಡರು. ಅತ್ತೆ ಬಿಡಲಿಲ್ಲ.

"ನಮ್ಮನೆಯವರು ಸತ್ತಾಗ ತಲೆ ಹತ್ರ ಪಕ್ಕದ್ಮನೆ ಟಾರ್ಚು ಇತ್ತು ಸಾರ್. ಅದು ಯಾರದ್ದು?"

ನಾವೆಲ್ಲ ನಕ್ಕೆವು. ಪ್ರೊಫೆಸರ್ರು ನಗಲಿಲ್ಲ. ಅವತ್ತೇ ಅತ್ತೆಯ ಮೇಲೆ ಅವರ ಕಣ್ಣು ಬಿತ್ತು.

ಆ ಜಾಗದಲ್ಲಿ ಒಂದು ಕಾನೂನಿತ್ತು. ಕುಳಿಯೊಳಗೆ ಕಂಡದ್ದನ್ನು ಅಳತೆ ಮಾಡಿ, ಚಿತ್ರ ಬರೆದು, ಫೋಟೋ ತೆಗೆಯುವ ತನಕ ಯಾರೂ ಮುಟ್ಟುವಂತಿಲ್ಲ, ಅಲ್ಲಾಡಿಸುವಂತಿಲ್ಲ. ಕಾನೂನು ಪ್ರೊಫೆಸರರದು, ಕಾವಲು ಮೇಸ್ತ್ರಿಯದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಜಾತಿಯ ಮನುಷ್ಯ. ಅವನೂ ನಮ್ಮ ಹಾಗೆ ಗುದ್ದಲಿ ಹಿಡಿದು ಬೆಳೆದವನೇ. ಕೈಗೆ ಸೀಟಿ ಬಂದಮೇಲೆ ಮರೆತಿದ್ದ.

ಈ ಕಾನೂನಿನ ಬಿಸಿ ಮೊದಲು ತಾಗಿದ್ದು ಗುದ್ದಲಿ ಮಾವನಿಗೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ಗುದ್ದಲಿ ಬಿಟ್ಟರೆ ಸೈಕಲ್ಲು, ಸೈಕಲ್ಲು ಬಿಟ್ಟರೆ ಗುದ್ದಲಿ. ಒಂದು ಬೆಳಿಗ್ಗೆ ಜೋರಾಗಿ ಸೀನಿದ. ಹಲ್ಲಿನ ಸೆಟ್ಟು ಬಾಯಿಂದ ಹಾರಿ ಕುಳಿಗೆ ಬಿತ್ತು, ಒಂದು ಹಳೇ ಮಡಕೆಯ ಪಕ್ಕದಲ್ಲೇ ಕೂತಿತು. ಮಾವ ಬಗ್ಗಿ ತೆಗೆಯಲು ಹೋದ. ಮೇಸ್ತ್ರಿ ಸೀಟಿ ಊದಿದ.

"ಮುಟ್ಟಬೇಡ. ಅಳತೆ ಆಗಿಲ್ಲ."

ಮಾವ ಹಲ್ಲಿಲ್ಲದ ಬಾಯಲ್ಲಿ ಏನೋ ಹೇಳಿದ. ಯಾರಿಗೂ ತಿಳಿಯಲಿಲ್ಲ. ಹಲ್ಲು ಅವನದೇ ಎಂದು ಇಡೀ ದಿಬ್ಬಕ್ಕೆ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿತ್ತು. ಆದರೆ ಕಾನೂನು ಕಾನೂನು. ಅಳೆಯುವವರು ಮೂಳೆ ಮೇಡಂ. ಸತ್ತವರ ಎಲುಬು ನೋಡಿ ವಯಸ್ಸು, ಕಾಯಿಲೆ ಹೇಳುವ ಹುಡುಗಿ; ಅವತ್ತು ಪೇಟೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಸಂಜೆ. ಅಲ್ಲಿಯವರೆಗೆ ಮಾವ ತನ್ನ ಹಲ್ಲಿಗೆ ತಾನೇ ಕಾವಲು ಕೂತು, ಊಟವನ್ನು ನೀರಲ್ಲಿ ಕಲಸಿ ಕುಡಿದ. ಮೇಡಂ ಬಂದವರೇ ನಗು ತಡೆದುಕೊಂಡು ಅಳೆದರು, ಚಿತ್ರ ಬರೆದರು, ಫೋಟೋ ತೆಗೆದರು. ಈಗಲೂ ಆ ಫೋಟೋ ಅವರ ಕಡತದಲ್ಲಿ ಎರಡು ಮಡಕೆಗಳ ನಡುವೆ ಇದೆ.

ಗೋರಿಗಳಲ್ಲಿ ಇಬ್ಬರು ನಮಗೆ ಮನೆಯವರ ಹಾಗೆ ಆಗಿಬಿಟ್ಟಿದ್ದರು. ಒಬ್ಬ ಮಣಿಸಾಹೇಬ. ಕುತ್ತಿಗೆ ತುಂಬಾ ಕೆಂಪು ಮಣಿ, ಕೈಯಲ್ಲಿ ತಾಮ್ರ, ಸುತ್ತ ಮಡಕೆಗಳು. ಅಂಕದ ಮೇಲೆ ಅಂಕ. ಅವನ ಕುಳಿಯ ಮೇಲೆ ಪ್ರೊಫೆಸರ್ರು ದೊಡ್ಡ ಟಾರ್ಪಾಲು ಕಟ್ಟಿಸಿದರು. ಅದರ ಕೆಳಗೆ ಕುರ್ಚಿಗಳು, ಮೇಜು, ಫ್ಲಾಸ್ಕು, ಬಿಸ್ಕತ್ತಿನ ಡಬ್ಬಿ, ಮರದ ಹಿಡಿಯ ಒಂದು ದೊಡ್ಡ ಕೊಡೆ.

ಇನ್ನೊಬ್ಬಳು ದಿಬ್ಬದ ಅಂಚಿನಲ್ಲಿದ್ದಳು. ಪಕ್ಕದಲ್ಲಿ ಏನೂ ಇಲ್ಲ. ಒಂದು ಮಡಕೆಯ ಚೂರೂ ಇಲ್ಲ. ಒಂದು ಪಕ್ಕಕ್ಕೆ ಮುದುರಿ ಮಲಗಿದ್ದಳು. ಪ್ರೊಫೆಸರ್ರು ನೋಡಿ "ಸೊನ್ನೆ" ಎಂದು ಹೇಳಿ ಮುಂದೆ ಹೋದರು. ಅವತ್ತಿಂದ ಆಕೆ ಸೊನ್ನೆಯಮ್ಮ. ಮೂಳೆ ಮೇಡಂ ಮಾತ್ರ ಅವಳ ಪಕ್ಕ ಬಹಳ ಹೊತ್ತು ಕೂತಿದ್ದರು. ಮಂಡಿ ಸವೆದಿದೆ, ಕತ್ತಿನ ಎಲುಬು ಒತ್ತಿಕೊಂಡಿದೆ, ತಲೆ ಮೇಲೆ ಭಾರ ಹೊತ್ತು ಹೊತ್ತು ಹೀಗಾಗುತ್ತೆ ಎಂದು ನನಗೆ ತೋರಿಸಿದರು. ನಾನು ನನ್ನ ಕತ್ತು ಮುಟ್ಟಿ ನೋಡಿಕೊಂಡೆ. ನನಗೆ ಸಿಟ್ಟು ಬಂತು. ಇಷ್ಟು ಹೊತ್ತವಳಿಗೆ ಸೊನ್ನೆ. ಹೊರಿಸಿದವನಿಗೆ ಮಣಿ.

ಮಣಿಸಾಹೇಬನ ಎಲುಬನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಆಫೀಸು ಕೋಣೆಗೆ ಒಯ್ದರು. ಅಲ್ಲಿ ಫ್ಯಾನಿತ್ತು. ಖಾಲಿ ಕುಳಿಯ ಮೇಲೆ ಟಾರ್ಪಾಲು ಹಾಗೇ ಉಳಿಯಿತು. ಸೊನ್ನೆಯಮ್ಮ ಬಿಸಿಲಲ್ಲೇ ಇದ್ದಳು, ಮೇಲೊಂದು ಹರಕು ಗೋಣಿಚೀಲ. ನಾವೂ ಬಿಸಿಲಲ್ಲೇ ಇದ್ದೆವು. ನಮಗೆ ಗೋಣಿಚೀಲವೂ ಇರಲಿಲ್ಲ.

"ನೋಡು," ಅತ್ತೆ ಹೇಳುತ್ತಿದ್ದರು. "ಸತ್ತು ಮೂರು ಸಾವಿರ ವರ್ಷ ಆದ್ರೂ ನೆರಳು ಅವನಿಗೇ. ಅದೂ ಅವನು ಮನೇಲಿ ಇಲ್ಲದಾಗ."

ಕುರ್ಚಿಯ ದಿನ ಬಿಸಿಲು ಕೆಟ್ಟದಾಗಿತ್ತು. ಮಧ್ಯಾಹ್ನ. ಅತ್ತೆ ಬಾಂಡ್ಲಿ ಹೊತ್ತು ಹೋಗುತ್ತಿದ್ದವರು ನಿಂತರು. ಬಾಂಡ್ಲಿ ಜಾರಿತು. ಮಣ್ಣು ತಲೆ ಮೇಲಿಂದ ಮುಖಕ್ಕೆ, ಮುಖದಿಂದ ಎದೆಗೆ ಸುರಿಯಿತು. ಅವರು ಯಾರನ್ನೂ ಕೇಳಲಿಲ್ಲ. ತಡವರಿಸುತ್ತಾ ಟಾರ್ಪಾಲಿನ ಕೆಳಗೆ ಹೋಗಿ ನೀಲಿ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಜರಡಿಯ ಹತ್ತಿರದಿಂದ ಓಡಿ ಹತ್ತಿ ಬರುವಷ್ಟರಲ್ಲಿ ಪ್ರೊಫೆಸರ್ರು ಆಫೀಸಿನಿಂದ ಬಂದಾಗಿತ್ತು.

ಪ್ರೊಫೆಸರ್ರು ಕೂಗಲಿಲ್ಲ. ಕೂಗುವವನನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು.

"ಮೇಸ್ತ್ರಿ, ಏನಿದು?"

"ಏಯ್ ಮುದುಕಿ," ಮೇಸ್ತ್ರಿ ಕೂಗಿದ. "ಏಳು ಮೇಲೆ. ನಿಮ್ಮಪ್ಪನ ಮನೆ ಕುರ್ಚಿನಾ?"

ಅತ್ತೆ ಬೆಚ್ಚಿ ಎದ್ದರು. ಅವರು ಸ್ವಲ್ಪ ದಪ್ಪ. ಕುರ್ಚಿಯ ಕೈಗಳ ನಡುವೆ ಸಿಕ್ಕಿಕೊಂಡಿದ್ದರು. ಅವರು ಎದ್ದರೆ ಕುರ್ಚಿಯೂ ಎದ್ದಿತು. ಆ ಕಡೆ ತಿರುಗಿದರೆ ಅದೂ ತಿರುಗಿತು. ಪ್ರೊಫೆಸರರ ಹಿಂದೆ ನಿಂತ ವಿದ್ಯಾರ್ಥಿಗಳು ಬಿದ್ದು ಬಿದ್ದು ನಕ್ಕರು. ಮೇಸ್ತ್ರಿ ಕುರ್ಚಿ ಹಿಡಿದು ಎಳೆದ. ಕುರ್ಚಿ ಬಂತು, ಅತ್ತೆ ಮಂಡಿಯೂರಿ ನೆಲಕ್ಕೆ ಬಿದ್ದರು. ಯಾರೂ ಎತ್ತಲಿಲ್ಲ. ನಾನು ಎತ್ತಿದೆ.

ಪ್ರೊಫೆಸರ್ರು ಕರ್ಚೀಫು ತೆಗೆದು ಕುರ್ಚಿಯ ಮೇಲೆ ಒಂದು ಸಲ ಎಳೆದು ನೋಡಿದರು.

"ಮಣ್ಣಾಗಿದೆ. ತೊಳಿ."

ಇಲ್ಲಿನ ಒಂದೊಂದು ಹಿಡಿ ಮಣ್ಣೂ ಬಂಗಾರ ಎಂದವರು ಇವರೇ. ಜರಡಿಯಿಂದ ಒಂದು ಚಿಟಿಕೆ ಆಚೆ ಬಿದ್ದರೆ ಬೈಯುವವರು ಇವರೇ. ಅದೇ ಬಂಗಾರ ಅತ್ತೆಯ ಅಂಡಿಗೆ ಅಂಟಿದ ಕೂಡಲೇ ಕೊಳೆಯಾಯಿತು.

ತೊಳೆಯಲು ನೀರು ಹತ್ತಿರದಲ್ಲಿ ಇದ್ದದ್ದು ನಮ್ಮ ಬಿಂದಿಗೆಯಲ್ಲಿ. ದಿಬ್ಬದ ಕೆಳಗಿನ ನಲ್ಲಿ ಬೆಳಿಗ್ಗೆ ಮಾತ್ರ ಬರುತ್ತದೆ. ನಾನು ತುಂಬಿ, ಸೊಂಟದ ಮೇಲಿಟ್ಟು ಹತ್ತಿ ತಂದದ್ದು. ಇಡೀ ದಿನಕ್ಕೆ ನಮ್ಮೆಲ್ಲರ ಗಂಟಲಿಗೆ ಅದೊಂದೇ. ಮೇಸ್ತ್ರಿ ಅದನ್ನು ಎತ್ತಿ ಕುರ್ಚಿಯ ಮೇಲೆ ಬಗ್ಗಿಸಿದ. ಕೂರುವ ಕಡೆ, ಒರಗುವ ಕಡೆ, ಸೀಳಿದ ಕೈ, ನಾಲ್ಕೂ ಕಾಲು. ಮದುವೆ ಹೆಣ್ಣಿಗೂ ಅಷ್ಟು ಚೆನ್ನಾಗಿ ನೀರು ಹಾಕಿರಲಿಕ್ಕಿಲ್ಲ. ನೀರು ಹರಿದು ಮಣ್ಣಲ್ಲಿ ಇಂಗಿತು. ನಾವು ನೋಡುತ್ತಾ ನಿಂತೆವು. ಅತ್ತೆಯ ತುಟಿ ಒಡೆದಿತ್ತು.

"ಈ ಮುದುಕಿ ನಾಳೆಯಿಂದ ಬೇಡ," ಎಂದು ಹೇಳಿ ಪ್ರೊಫೆಸರ್ರು ಒದ್ದೆ ಕುರ್ಚಿ ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತರು.

ಆ ದಿನ ಸಂಜೆ ತನಕ ನಾವು ಒಣ ನಾಲಿಗೆಯಲ್ಲಿ ಮಣ್ಣು ಹೊತ್ತೆವು. ಉಗುಳೋಣ ಅಂದರೆ ಬಾಯಲ್ಲಿ ಉಗುಳಿರಲಿಲ್ಲ.

ಮನೆಗೆ ಬಂದು ಅಡುಗೆ ಮಾಡಿದೆ. ಸಿಟ್ಟಿನಲ್ಲಿ ಉಪ್ಪು ಎರಡು ಸಲ ಬಿತ್ತು. ಬಾಯಿಗಿಟ್ಟರೆ ನನಗೇ ತಿನ್ನಲಾಗಲಿಲ್ಲ. ಅತ್ತೆ ತಟ್ಟೆಯಲ್ಲಿದ್ದಷ್ಟನ್ನೂ ತಿಂದು ಕೈ ತೊಳೆದರು. ಒಂದು ಮಾತು ಆಡಲಿಲ್ಲ. ಮುಖ ಕೂಡ ಸಿಂಡರಿಸಲಿಲ್ಲ. ಬೈದರೆ ತಡೆದುಕೊಳ್ಳಬಹುದು. ಇದನ್ನು ತಡೆಯಲಾಗಲಿಲ್ಲ.

ಅವರು ಚಾಪೆಯ ಮೇಲೆ ನೆಟ್ಟಗೆ ಮಲಗಿ ಎದೆ ಮೇಲೆ ಕೈ ಇಟ್ಟುಕೊಂಡರು.

"ಲೇ ಇವಳೇ."

"ಏನತ್ತೆ?"

"ನಾನು ಸತ್ರೆ ಪಕ್ಕದಲ್ಲಿ ಆ ನೀಲಿ ಕುರ್ಚಿ ಇಡು. ಪಕ್ಕದಲ್ಲಿಟ್ಟದ್ದು ನಂದಾಗುತ್ತಂತಲ್ಲ. ಬದುಕಿದ್ದಾಗ ಕೂರೋಕೆ ಬಿಡ್ಲಿಲ್ಲ."

ಅವರು ಅಳುತ್ತಿದ್ದರು. ನನಗೆ ಮದುವೆಯಾದಾಗಿನಿಂದ ಅವರು ಅತ್ತದ್ದು ನೋಡಿರಲಿಲ್ಲ. ನಾನೂ ಅಳುತ್ತಿದ್ದೆನೇನೋ. ಅಷ್ಟರಲ್ಲಿ ಆ ಮಾತು ನನ್ನ ತಲೆಯೊಳಗೆ ಹೊರಳಿ ಇನ್ನೊಂದು ಮಗ್ಗುಲಾಯಿತು.

"ಸಾಯೋ ತನಕ ಯಾಕೆ ಕಾಯ್ತೀರಿ?" ಅಂದೆ.

ಅತ್ತೆ ಒಂದು ಕಣ್ಣು ತೆರೆದರು.

ಅಗೆತಕ್ಕೆ ಹಣ ಕೊಡುವ ಸಂಸ್ಥೆಯಿಂದ ಒಬ್ಬ ದೊಡ್ಡ ಮೇಡಂ ಅದಾದ ಎರಡನೇ ದಿನ ನೋಡಲು ಬರುವುದಿತ್ತು. ಆ ಬೆಳಿಗ್ಗೆ ಪ್ರೊಫೆಸರ್ರು ಅವರನ್ನು ಕರೆತರಲು ಹೋಗಿದ್ದರು. ಮೇಸ್ತ್ರಿ ಮಿಕ್ಕ ಕುರ್ಚಿಗಳನ್ನೆಲ್ಲ ಆಫೀಸಿಗೆ ಸಾಗಿಸಿ, ಅದರ ಮುಂದೆ ಗುಡಿಸಿ, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದ. ಅತ್ತೆಯನ್ನೂ ಕರೆದುಕೊಂಡು ನಾವು ಕೆಲಸದವರೆಲ್ಲ ಹಿಂದಿನ ದಾರಿಯಿಂದ ದಿಬ್ಬ ಹತ್ತಿದೆವು.

ಯಾವ ಎಲುಬನ್ನೂ ನಾವು ಮುಟ್ಟಲಿಲ್ಲ. ಕೆಲಸ ಮುಗಿದು ಖಾಲಿಯಾದ ಕುಳಿಗಳು ಬೇಕಾದಷ್ಟಿದ್ದವು. ಒಬ್ಬೊಬ್ಬರು ಒಂದೊಂದರಲ್ಲಿ ಮಲಗುವುದು, ನಮ್ಮ ನಮ್ಮ ಸಾಮಾನು ಪಕ್ಕದಲ್ಲಿಟ್ಟುಕೊಳ್ಳುವುದು, ಅಷ್ಟೇ ಮಾತಾಗಿತ್ತು. ಆದರೆ ನಮ್ಮವರು ಸಾಯುವುದರಲ್ಲೂ ಜಗಳವಾಡುವವರು. ಗುದ್ದಲಿ ಮಾವ ಸೈಕಲ್ಲಿನ ಜೊತೆಗೇ ಮಲಗುತ್ತೇನೆ ಎಂದು ಹಟ ಹಿಡಿದ. ಸೈಕಲ್ಲು ಕುಳಿಯಲ್ಲಿ ಹಿಡಿಯಲಿಲ್ಲ. ಮುಂದಿನ ಚಕ್ರ ಹೊರಗೆ ನಿಂತು ಗಾಳಿಗೆ ತಿರುಗುತ್ತಿತ್ತು. ಜರಡಿ ಹಿಡಿಯುವ ಜರಡಿ ಅಕ್ಕ, ತನ್ನ ಕುಳಿ ಓರೆಯಾಗಿದೆ, ಬೆನ್ನು ನೋಯುತ್ತದೆ ಎಂದು ಎರಡು ಸಲ ಗೋರಿ ಬದಲಾಯಿಸಿದಳು.

ಅತ್ತೆ ಯಾರನ್ನೂ ಕೇಳದೆ ಮಣಿಸಾಹೇಬನ ಕುಳಿಗೆ ಇಳಿದರು.

"ಸಾಯೋದಾದ್ರೆ ನೆರಳಲ್ಲೇ ಸಾಯ್ತೀನಿ."

ಕುರ್ಚಿಯೊಂದೇ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಅವರು ನೀಲಿ ಕುರ್ಚಿ ಇಳಿಸಿಕೊಂಡರು. ಆಮೇಲೆ ಫ್ಲಾಸ್ಕು. ಆಮೇಲೆ ಬಿಸ್ಕತ್ತಿನ ಡಬ್ಬಿ. ಮೇಜಿನ ಮೇಲೆ ಪ್ರೊಫೆಸರರ ಟೊಪ್ಪಿ ಇತ್ತು, ಅದು ಎದೆ ಮೇಲೆ. ಕೊಡೆ ಬಲಗೈಯಲ್ಲಿ. ಮಣಿಸಾಹೇಬನಿಗೇ ನಾಚಿಕೆಯಾಗಬೇಕು, ಹಾಗೆ ಮಲಗಿದರು.

ನಾನು ಅಂಚಿಗೆ ಹೋಗಿ ಸೊನ್ನೆಯಮ್ಮನ ಪಕ್ಕದ ಕುಳಿಯಲ್ಲಿ ಮಲಗಿದೆ. ಪಕ್ಕದಲ್ಲಿಡಲು ನನ್ನದು ಅನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ. ನೆಲ ತಣ್ಣಗಿತ್ತು. ಕೆಲಸದ ಹೊತ್ತಿನಲ್ಲಿ ಬೆನ್ನು ನೆಲಕ್ಕೆ ತಾಗಿದ್ದು ಅದೇ ಮೊದಲು. ಇಷ್ಟು ಸುಖವಿದ್ದರೆ ಜನ ಯಾಕೆ ಸಾಯಲು ಹೆದರುತ್ತಾರೆ ಅನ್ನಿಸಿತು.

ಮೊದಲು ಬಂದದ್ದು ಮೇಸ್ತ್ರಿ. ಅವನ ಸೀಟಿ ಅರ್ಧದಲ್ಲೇ ನಿಂತಿತು.

"ಏಯ್ ಮುದುಕಿ. ಏನಿದು? ಏಳು."

"ಸತ್ತಿದ್ದೀನಿ," ಅಂದರು ಅತ್ತೆ.

"ಸತ್ತವರು ಮಾತಾಡ್ತಾರಾ?"

"ಅದಕ್ಕೇ ಇನ್ಮೇಲೆ ಮಾತಾಡಲ್ಲ."

ಮೇಸ್ತ್ರಿ ಕುಳಿಗೆ ಬಗ್ಗಿ ಕುರ್ಚಿಗೆ ಕೈ ಹಾಕಿದ. ಆಗ ಆಚೆ ಕುಳಿಯಿಂದ ಗುದ್ದಲಿ ಮಾವನ ದನಿ ಬಂತು. ಹಲ್ಲಿನ ಸೆಟ್ಟು ಬಾಯಲ್ಲಿತ್ತು, ಹಾಗಾಗಿ ಮಾತು ಸ್ಪಷ್ಟವಾಗಿತ್ತು.

"ಮುಟ್ಟಬೇಡಪ್ಪಾ. ಅಳತೆ ಆಗಿಲ್ಲ."

ಮೇಸ್ತ್ರಿಯ ಕೈ ಅಲ್ಲೇ ನಿಂತಿತು. ಇಷ್ಟು ದಿನ ನಮ್ಮ ಮೇಲೆ ಊದಿದ ಸೀಟಿ ಅವನ ಕುತ್ತಿಗೆಗೇ ಸುತ್ತಿಕೊಂಡಿತು. ಅವನು ಕುಳಿಯಿಂದ ಕುಳಿಗೆ ಓಡಿದ. ಬೇಡಿಕೊಂಡ. ಬೈದ. ಸೈಕಲ್ಲಿನ ಚಕ್ರ ಹಿಡಿದು ನಿಲ್ಲಿಸಿದ, ಆಮೇಲೆ ಅದೂ ಅಳತೆಯಾಗಿಲ್ಲ ಎಂದು ನೆನಪಾಗಿ ಬಿಟ್ಟುಬಿಟ್ಟ. ಚಕ್ರ ಮತ್ತೆ ತಿರುಗಿತು.

ಅಷ್ಟರಲ್ಲಿ ಪ್ರೊಫೆಸರ್ರು, ದೊಡ್ಡ ಮೇಡಂ, ಹಿಂದೆ ಮೂಳೆ ಮೇಡಂ ದಿಬ್ಬ ಹತ್ತಿ ಬಂದರು. ದೊಡ್ಡ ಮೇಡಂ ತಲೆ ಪೂರ್ತಿ ಬಿಳಿ, ಬಟ್ಟೆಯೂ ಬಿಳಿ. ಕುಳಿಗಳಲ್ಲಿ ಮಲಗಿದ್ದ ನಮ್ಮನ್ನು ನೋಡಿ ನಿಂತರು.

"ಇದೇನು ಪ್ರೊಫೆಸರ್?"

ಪ್ರೊಫೆಸರರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಗಾಳಿ ಬಂದಾಗ ತೂರಿಕೊಳ್ಳುವ ವಿದ್ಯೆ ಅವರಿಗೆ ಗೊತ್ತಿತ್ತು.

"ಇದು... ನಿಮಗೋಸ್ಕರ ಒಂದು ಪ್ರಾತ್ಯಕ್ಷಿಕೆ ಮೇಡಂ. ನಮ್ಮ ವಿಧಾನ ಹೇಗೆ ಅಂತ ತೋರಿಸೋಕೆ."

"ಓ, ತುಂಬಾ ಚೆನ್ನಾಗಿದೆ," ಅಂದರು ದೊಡ್ಡ ಮೇಡಂ. "ಹಾಗಾದ್ರೆ ಅಂಕ ಹಾಕಿ, ನೋಡೋಣ."

ಪ್ರೊಫೆಸರ್ರು ತಾವು ತೋಡಿದ ಕುಳಿಗೆ ತಾವೇ ಬಿದ್ದರು. ಮೂಳೆ ಮೇಡಂ ಟೇಪು ಹಿಡಿದು ಇಳಿದರು. ಅವರ ತುಟಿಯ ಅಂಚು ಕುಣಿಯುತ್ತಿತ್ತು. ಗುದ್ದಲಿ ಮಾವನಿಗೆ ಸೈಕಲ್ಲಿನ ಅಂಕ ಬಂತು. ಹಲ್ಲಿಗೂ ಬೇಕು ಎಂದು ವಾದಿಸಿದ. ಅದು ಪಕ್ಕದಲ್ಲಿಲ್ಲ, ಬಾಯೊಳಗಿದೆ ಎಂದು ಮೇಡಂ ಕೊಡಲಿಲ್ಲ. ಜರಡಿ ಅಕ್ಕನಿಗೆ ಊಟದ ಡಬ್ಬಿ. ಆಮೇಲೆ ನನ್ನ ಕುಳಿಯ ಅಂಚಿಗೆ ಬಂದು ಕೂತರು.

"ನಿಮ್ಮ ಪಕ್ಕ ಏನೂ ಇಲ್ವಾ?"

"ಇಲ್ಲ."

"ಬಾಂಡ್ಲಿನಾದ್ರೂ ಇಟ್ಕೋಬಹುದಿತ್ತು."

"ಅದು ಮೇಸ್ತ್ರಿ ಲೆಕ್ಕದ್ದು ಮೇಡಂ. ಹೊರೋದಷ್ಟೇ ನಂದು."

"ಸೊನ್ನೆ ಹಾಕಬೇಕಾಗುತ್ತೆ," ಅಂದರು ಮೆಲ್ಲಗೆ.

"ಹಾಕಿ. ಜೊತೆಗೆ ಇವಳಿದ್ದಾಳಲ್ಲ," ಎಂದು ಸೊನ್ನೆಯಮ್ಮನ ಕಡೆ ತೋರಿಸಿದೆ.

ಕೊನೆಗೆ ಅತ್ತೆ. ಅಂಕ ಕೂಡಿಸಿ ಕೂಡಿಸಿ ಮೂಳೆ ಮೇಡಂ ಬೆರಳು ಸೋತಿತು. ಕ್ಯಾಲ್ಕುಲೇಟರ್ ಒತ್ತಿ ನೋಡಿದರು, ಮತ್ತೆ ಒತ್ತಿದರು.

"ಹಳೇ ಕಾಲದವರ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಇತ್ತು ಮೇಡಂ. ಇದು ಹೆಚ್ಚುಕಡಿಮೆ ಒಂದು. ಎಲ್ಲಾ ಈ ಅಜ್ಜಿ ಹತ್ರನೇ ಇದೆ."

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಜರಡಿ ಅಕ್ಕ ಕುಳಿಯಲ್ಲೇ ಎದ್ದು ಕೂತಳು.

"ನಾನಾಗಲೇ ಹೇಳಿದ್ದೆ. ಬಿಸ್ಕತ್ತಾದ್ರೂ ಹಂಚಬೇಕಿತ್ತು ಈ ಅಜ್ಜಿ."

"ಸತ್ತವರು ಹಂಚಲ್ಲ," ಅಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ದೊಡ್ಡ ಮೇಡಂ ನಕ್ಕುಬಿಟ್ಟರು. "ಅಜ್ಜಿ, ಇದೆಲ್ಲ ನಿಜವಾಗ್ಲೂ ಯಾರದ್ದು?"

ಅತ್ತೆ ಎದ್ದು ಕೂತರು. ಎದೆ ಮೇಲಿದ್ದ ಟೊಪ್ಪಿ ಮಡಿಲಿಗೆ ಬಿತ್ತು.

"ನಂದು. ಪಕ್ಕದಲ್ಲಿದ್ದದ್ದು ಅವರದ್ದು ಅಂತ ನಿಮ್ಮ ಪ್ರೊಫೆಸರ್ರೇ ಹೇಳಿದ್ದು. ಮೊನ್ನೆ ಬದುಕಿದ್ದಾಗ ಇದೇ ಕುರ್ಚಿ ಮೇಲೆ ಕೂತೆ. ತಲೆ ಸುತ್ತಿತ್ತು, ಕೂತೆ. ನಾಯಿ ಅಟ್ಟಿದ ಹಾಗೆ ಅಟ್ಟಿದ್ರು. ನಮ್ಮ ಕುಡಿಯೋ ನೀರೆಲ್ಲ ಹಾಕಿ ಕುರ್ಚಿ ತೊಳೆದ್ರು. ಕೆಲಸ ತೆಗೆದ್ರು. ಬದುಕಿದ್ರೆ ಕೂರೋಕೆ ಬಿಡಲ್ಲ, ಸತ್ರೆ ಪಕ್ಕದಲ್ಲೇ ಇಡ್ತಾರೆ ಅಂದ್ರು. ಅದಕ್ಕೇ ಸತ್ತು ನೋಡೋಣ ಅಂತ ಸತ್ತೆ."

ದೊಡ್ಡ ಮೇಡಂ ಪ್ರೊಫೆಸರರ ಕಡೆ ತಿರುಗಿದರು.

"ನಿಜಾನಾ?" ದೊಡ್ಡ ಮೇಡಂ ಕೇಳಿದರು.

"ಅದು... ಈ ಮೇಸ್ತ್ರಿ ಸ್ವಲ್ಪ ಒರಟ," ಅಂದರು ಪ್ರೊಫೆಸರ್ರು.

ಮೇಸ್ತ್ರಿ ಅವರ ಮುಖ ನೋಡಿದ. ಅವನಿಗೂ ಅದು ನುಂಗಲಾರದ ತುತ್ತಾಯಿತು.

ದೊಡ್ಡ ಮೇಡಂ ಅಡ್ಡಗೋಡೆ ಮೇಲೆ ದೀಪ ಇಟ್ಟರು. "ಇದನ್ನ ಆಫೀಸಲ್ಲಿ ಕೂತು ಮಾತಾಡೋಣ ಪ್ರೊಫೆಸರ್. ಬಿಸಿಲು ಬಹಳ ಇದೆ," ಎಂದು ಹಣೆ ಒರೆಸಿಕೊಂಡರು.

"ಅಜ್ಜಿ, ಆ ಕೊಡೆ ಕೊಡಿ," ಅಂದರು ಪ್ರೊಫೆಸರ್ರು. "ಮೇಡಮ್ಮಿಗೆ ಬಿಸಿಲಾಗ್ತಿದೆ." ಮೊನ್ನೆ ಮುದುಕಿ, ಇವತ್ತು ಅಜ್ಜಿ.

ಅತ್ತೆ ನನ್ನ ಕಡೆ ಕೈ ಚಾಚಿದರು. ನಾನು ಹೋಗಿ ಎತ್ತಿದೆ. ಅವರು ಕೊಡೆ ಬಿಚ್ಚಿದರು. ಪ್ರೊಫೆಸರ್ರು ಕೈ ಮುಂದೆ ಮಾಡಿದರು. ಅತ್ತೆ ಅವರನ್ನು ದಾಟಿದರು. ದೊಡ್ಡ ಮೇಡಮ್ಮನ್ನೂ ದಾಟಿದರು. ಕಾಲೆಳೆಯುತ್ತಾ ದಿಬ್ಬದ ಅಂಚಿಗೆ ಹೋಗಿ, ಮಣ್ಣಿನ ಗುಪ್ಪೆಗೆ ಕೊಡೆಯ ಹಿಡಿ ಊರಿ, ಸೊನ್ನೆಯಮ್ಮನ ಮೇಲೆ ನಿಲ್ಲಿಸಿದರು. ಗೋಣಿಚೀಲ ಸರಿಮಾಡಿದರು.

"ಎಲ್ಲರಿಗಿಂತ ಮೊದಲಿಂದ ಬಿಸಿಲಲ್ಲಿರೋದು ಇವಳು."

ಮೂಳೆ ಮೇಡಂ ಹತ್ತಿರ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಆದರೂ ಕೆಲಸದ ಮಾತು ಬಿಡಲಿಲ್ಲ. "ಅಜ್ಜಿ, ಕೊಡೆ ಲೆಕ್ಕಕ್ಕೆ ಬರಲ್ಲ."

"ಬರದಿದ್ರೆ ಬೇಡ," ಅಂದರು ಅತ್ತೆ. "ನೆರಳು ಬೀಳುತ್ತಲ್ಲ."

ಪ್ರೊಫೆಸರರ ತಾಳ್ಮೆ ಹರಿಯಿತು. "ಮೇಸ್ತ್ರಿ, ಮೇಡಮ್ಮಿಗೆ ಕುರ್ಚಿ ಹಾಕು. ಆ ಮುದುಕಿ ಮುಟ್ಟಿದ್ದು, ತೊಳೆದು ಹಾಕು."

ಮೇಸ್ತ್ರಿ ಅಭ್ಯಾಸಬಲದಿಂದ ಕುರ್ಚಿ ಎತ್ತಿಕೊಂಡು ಬಿಂದಿಗೆಯ ಕಡೆ ನಡೆದ. ಅವತ್ತು ಬೆಳಿಗ್ಗೆಯೂ ನಾನೇ ತುಂಬಿ ತಂದ ಬಿಂದಿಗೆ. ನನಗೆ ಏನಾಯಿತೋ ಗೊತ್ತಿಲ್ಲ. ಓಡಿ ಹೋಗಿ ಬಿಂದಿಗೆಯ ಬಾಯಿಗೆ ಎರಡೂ ಕೈ ಅಡ್ಡ ಇಟ್ಟೆ.

"ಇದು ಕುಡಿಯೋ ನೀರು."

"ಪಕ್ಕಕ್ಕೆ ಸರಿಯಕ್ಕಾ," ಅಂದ ಮೇಸ್ತ್ರಿ.

"ಸರಿಯಲ್ಲ. ಕುರ್ಚಿ ಮಣ್ಣಾಗಿದ್ರೆ ನಿಂತ್ಕೊಳ್ಳಿ ಅಂತ ಹೇಳು ಅವರಿಗೆ. ನಾವು ನಿಂತೇ ಇದ್ದೀವಿ. ಸಾಯಲಿಲ್ಲ. ಇವತ್ತೊಂದು ದಿನ ಸತ್ವಿ, ಅದೂ ನಿಮ್ಮ ದೆಸೆಯಿಂದ."

ಬಿಂದಿಗೆಯಿಂದ ಕೈ ತೆಗೆಯಲಿಲ್ಲ. ಗುದ್ದಲಿ ಮಾವ ಕುಳಿಯಿಂದ ಎದ್ದು ಬಂದು ನನ್ನ ಪಕ್ಕ ನಿಂತ. ಜರಡಿ ಅಕ್ಕ ಬಂದಳು. ಒಬ್ಬೊಬ್ಬರಾಗಿ ಗೋರಿಗಳಿಂದ ಎಲ್ಲರೂ ಎದ್ದು ಬಂದು ಬಿಂದಿಗೆಯ ಸುತ್ತ ನಿಂತರು. ಮೈತುಂಬಾ ಮಣ್ಣು. ದೊಡ್ಡ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

"ನಮ್ಮತ್ತೆ ಕೆಲಸಕ್ಕೆ ಬರಬೇಕು," ಅಂದೆ. "ನಮಗೂ ಟಾರ್ಪಾಲು ಬೇಕು. ಅಲ್ಲಿಯವರೆಗೆ ಒಂದು ಬಾಂಡ್ಲಿ ಮಣ್ಣು ಮೇಲೇಳಲ್ಲ."

ಮೇಸ್ತ್ರಿ ಕುರ್ಚಿ ಹಿಡಿದುಕೊಂಡು ಆ ಕಡೆ ನೋಡಿದ, ಈ ಕಡೆ ನೋಡಿದ. ಬೆಳಿಗ್ಗೆಯಿಂದ ಓಡಾಡಿ ಅವನ ಮುಖ ಬಾಡಿತ್ತು. ಕುರ್ಚಿಯನ್ನು ಹಾಗೇ ನೆಲಕ್ಕಿಟ್ಟ.

"ಒಂದು ಲೋಟ ಕೊಡಕ್ಕ," ಅಂದ. "ಬಾಯಿ ಒಣಗಿದೆ."

ಕೊಟ್ಟೆ. ಕುಡಿದ. ಇನ್ನೊಂದು ಕೇಳಿದ. ಅದನ್ನೂ ಕೊಟ್ಟೆ. ಕುರ್ಚಿಯ ಕಡೆ ಅವನು ಮತ್ತೆ ತಿರುಗಲಿಲ್ಲ.

ಬಿಸಿಲಿಗೆ ಯಾರ ಹಂಗೂ ಇಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡ ಮೇಡಂ ತಾವೇ ಹೋಗಿ ಆ ಮಣ್ಣು ಕುರ್ಚಿಯಲ್ಲಿ ಕೂತರು. ಬಿಳಿ ಬಟ್ಟೆಯ ಹಿಂದೆ ಕೆಂಪು ಮಣ್ಣು ಅಂಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಪ್ರೊಫೆಸರರಿಗೆ ಏನು ಹಟವೋ, ಅವರು ನಿಂತೇ ಇದ್ದರು. ನಾವೂ ನಿಂತಿದ್ದೆವು. ನಿಲ್ಲುವುದರಲ್ಲಿ ನಮ್ಮ ಜೊತೆ ಪಂದ್ಯ ಕಟ್ಟಬಾರದು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವರ ಮೊಣಕಾಲು ಬಾಗಿತು, ನಾಲಿಗೆಯೂ ಬಾಗಿತು. "ಆಯ್ತು, ಬರಲಿ. ಟಾರ್ಪಾಲು ಕಟ್ಟಿಸ್ತೀನಿ," ಎಂದು ಎಲ್ಲರ ಮುಂದೆ ಹೇಳಿದರು. ಹೇಳಿದಮೇಲೆ ನೀರು ಕೇಳಿದರು. ಅವರಿಗೂ ಕೊಟ್ಟೆ, ನಮ್ಮ ಲೋಟದಲ್ಲೇ.

ಸಂಜೆ ಮನೆಯಲ್ಲಿ ತಟ್ಟೆ ಇಟ್ಟು ಎದುರು ಕೂತೆ. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಮುಖ ಕಿವುಚಿದರು.

"ಏನೇ ಇದು? ಉಪ್ಪಿನ ಗೋರಿ ಅಗೆದು ತಂದ್ಯಾ?"

"ಬೇಕಿದ್ರೆ ತಿನ್ನಿ, ಇಲ್ದಿದ್ರೆ ಬಿಡಿ," ಅಂದೆ. ನನ್ನ ಕಣ್ಣಲ್ಲಿ ನೀರು ಬಂತು. ಉಪ್ಪು ಸರಿಯಾಗೇ ಇತ್ತು.

ಊಟ ಮುಗಿದಮೇಲೆ ಅತ್ತೆ ಸೊಂಟದ ಗಂಟು ಬಿಚ್ಚಿ ಏನನ್ನೋ ತೆಗೆದರು. ಪ್ರೊಫೆಸರರ ಡಬ್ಬಿಯ ಬಿಸ್ಕತ್ತು. ಮಲಗಿ ಎದ್ದು ಓಡಾಡಿ ಪುಡಿಯಾಗಿ, ಸರಿಯಾಗಿದ್ದದ್ದು ಒಂದೇ ಉಳಿದಿತ್ತು. ಅದನ್ನು ಮುರಿದರು. ಎರಡು ತುಂಡೂ ಒಂದೇ ಸಮ ಬರಲಿಲ್ಲ. ದೀಪಕ್ಕೆ ಹಿಡಿದು ನೋಡಿದರು. ಚಿಕ್ಕದನ್ನು ತಾವು ಬಾಯಿಗೆ ಹಾಕಿಕೊಂಡು, ದೊಡ್ಡದನ್ನು ನನ್ನ ತಟ್ಟೆಯ ಪಕ್ಕ ನೆಲದ ಮೇಲೆ ಇಟ್ಟರು.

"ಇದು ಯಾರದ್ದು ಅತ್ತೆ?"

"ನಿನ್ನ ಪಕ್ಕದಲ್ಲೇ ಇದೆಯಲ್ಲ," ಅಂದರು, ಗೋಡೆಯ ಕಡೆ ತಿರುಗಿಕೊಂಡು. "ಕಣ್ಣು ಕಾಣಲ್ವಾ?"